ಶಿವಲೀಲಕ್ಕನ ಪುಡಿ

ಶಿವಲೀಲಕ್ಕ ಸತ್ತ ಮೇಲೆ ಆ ಪ್ರಯೋಗಶಾಲೆಯಲ್ಲಿ ಅವಳ ಪುಡಿ ಯಾರ ಕೈಗೂ ಒಲಿಯಲಿಲ್ಲ. ಇಟ್ರಿಯಂ, ಯುರೋಪಿಯಂ ಲವಣಗಳಿಗೆ ಯೂರಿಯಾ ಬೆರೆಸಿ ಕುಲುಮೆಗಿಟ್ಟರೆ ಭಗ್ಗನೆ ಹೊತ್ತಿ ಅರಳೆಯಂತೆ ಉಬ್ಬುತ್ತಿತ್ತು. ಎಕ್ಸ್‌ರೇಯಲ್ಲಿ ನೋಡಿದರೆ ಹರಳುಗಳೂ ಬೇಕಾದಷ್ಟು ಸಣ್ಣವೇ. ಆದರೆ ನೇರಳಾತೀತ ದೀಪದಡಿ ಕೆಂಡದಂತೆ ಹೊಳೆಯುತ್ತಿದ್ದುದು ಅವಳದು ಮಾತ್ರವಂತೆ. ಅವಳ ಜಾಗಕ್ಕೆ ಬಂದ ಶಾಲ್ಮಲಾಗೆ ಅದೂ ಒಂದು ಅಜ್ಜಿಕತೆಯೇ ಅನ್ನಿಸತೊಡಗಿತ್ತು.

ವರ್ಷ ತುಂಬಿದ ದಿನ ಶಿವಲೀಲಕ್ಕನ ತಾಯಿ ಬಂದಳು.

"ಅಕಿ ಮಾಡಿದ ಬೆಳಕು ಒಮ್ಮೆ ತೋರಸವಾ. ಕರಕೊಂಡು ಹೋಗಿ ತೋರಸ್ತೀನಿ ಅಂತಿದ್ಲು."

"ಅಕ್ಕನ ಪುಡಿ ಉಳದಿಲ್ರೀ ಅವ್ವಾರ. ನಾ ಮಾಡಿದ್ದೈತಿ, ನೋಡೂಣು ಬರ್ರಿ. ಸೀರಿ ಛಲೋ ಐತ್ರಿ."

"ಅಕಿನ ತಂದದ್ದು. ಇಲ್ಲಿಂದ ಬಂದಾಕಿನ, ಕೈಸುದ್ದಾ ತೊಳೀದನ, ನನ್ನ ಹೆಗಲಿಗೆ ಹೊಚ್ಚಿ ನೋಡಿದ್ಲು ಹುಚ್ಚಿ. ಇವತ್ತ ಮಡಿಕಿ ಬಿಚ್ಚೀನಿ."

ಕತ್ತಲಕೋಣೆಯಲ್ಲಿ ಶಾಲ್ಮಲಾ ನೇರಳಾತೀತ ದೀಪ ಹಾಕಿದಳು. ಬಟ್ಟಲ ಪುಡಿ ಬೂದಿಯಂತೆ ಸುಮ್ಮನಿತ್ತು.

"ಇರ್ಲಿ ಬಿಡವಾ. ನನ್ನ ಸಮಾಧಾನಕ್ಕ ಹೇಳಿದ್ಲೋ ಏನೋ," ಎಂದು ತಾಯಿ ಬಾಗಿಲ ಕಡೆ ತಿರುಗಿದಳು.

ದಾರಿ ಕಾಣಲೆಂದು ಶಾಲ್ಮಲಾ ಅದೇ ದೀಪ ಎತ್ತಿದಳು. ತಾಯಿಯ ಹೆಗಲ ಮೇಲೆ ಐದು ಬೆರಳು ಕೆಂಪಗೆ ಹೊಳೆಯುತ್ತಿದ್ದವು.