ಒಳಗಿನ ಬೆಂಚು

ಹುಣಸೆಹಣ್ಣಿನಿಂದ ತಿಕ್ಕಿದ ಹಿತ್ತಾಳೆಯ ವಾಸನೆ ಬಂದರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ತಾತ ತನ್ನ ಮಿಲಿಟರಿ ಕೋಟಿನ ಗುಂಡಿಗಳನ್ನು ಹಾಗೆ ತಿಕ್ಕುತ್ತಿದ್ದ. ಯುದ್ಧದಲ್ಲಿ ಕಾಲಿಗೆ ಪೆಟ್ಟು ತಿಂದು ಬಂದವನು, ನಮ್ಮ ಕೇರಿಗೆಲ್ಲ ಹಿರಿಯ. ಕಾನಹೊಸಹಳ್ಳಿ ಕಡೆಯ ನಮ್ಮೂರಿನ ಚಹಾ ಹೋಟೆಲಿನಲ್ಲಿ ಕೇರಿಯವರು ಹೊರಗೇ ನಿಂತು, ಗೋಡೆಯ ಗೂಡಿನಲ್ಲಿಟ್ಟ ಬೇರೆ ಲೋಟದಲ್ಲಿ ಕುಡಿಯಬೇಕಿತ್ತು. ಹಿಂದಿನ ದಿನ ಒಳಗಿನ ಬೆಂಚಿನ ಮೇಲೆ ಕೂತಿದ್ದಕ್ಕೆ ನನ್ನ ಚಿಕ್ಕಪ್ಪನನ್ನು ಮೇಲ್ಜಾತಿಯವರು ಹೊಡೆದಿದ್ದರು. ಕೇರಿಯ ಹುಡುಗರು ಬಡಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ಬಡಿಗಿ ಕೆಳಗಿಡ್ರಲೇ. ನಾ ಹೋಗಿ ಬರ್ತೀನಿ" ಎಂದು ತಾತ ಕೋಟು ತೊಟ್ಟ. ಎಂಟು ವರ್ಷದವಳಾದ ನನ್ನ ಕೈ ಹಿಡಿದು ಹೊರಟ.

ನಾವು ಒಳಗೆ ಹೋಗಿ ಬೆಂಚಿನ ಮೇಲೆ ಕೂತೆವು. ಪಕ್ಕದವರು ಎದ್ದುಬಿಟ್ಟರು. ಒಬ್ಬ ಬಾಗಿಲಿಗೆ ಅಡ್ಡ ನಿಂತ.

"ನೀವು ಮಿಲ್ಟ್ರಿಯವರು, ನಿಮಗೇನೂ ಅನ್ನಂಗಿಲ್ರಿ" ಎನ್ನುತ್ತ ಮಾಲೀಕ ತಾತನ ಮುಂದೆ ಮಾತ್ರ ಗಾಜಿನ ಲೋಟ ಇಟ್ಟ.

ತಾತ ಅದನ್ನು ನನ್ನ ಕಡೆ ಸರಿಸಿದ. "ಕುಡಿಯವ್ವ. ನಿಧಾನಕ್ಕ ಕುಡಿ, ಬಿಸಿ ಐತಿ."

ಸ್ಟೋವಿನ ಭರಭರ ಸದ್ದಷ್ಟೇ ಕೇಳುತ್ತಿತ್ತು. ನಾನು ತಳದವರೆಗೂ ಕುಡಿದೆ. ನನಗೆ ತಾಗಿಕೊಂಡಿದ್ದ ತಾತನ ಮೊಣಕಾಲು ನಡುಗುತ್ತಲೇ ಇತ್ತು. ಕೊನೆಗೆ ಮಾಲೀಕ ತಲೆ ತಗ್ಗಿಸಿ ಎರಡನೆಯ ಲೋಟ ತಂದಿಟ್ಟ. ಬಾಗಿಲಲ್ಲಿದ್ದವನು ಸರಿದ.

ಮನೆಗೆ ಬರುವಾಗ ಕೇಳಿದೆ: "ತಾತ, ಯುದ್ಧದಾಗೂ ಹಿಂಗ ಕಾಲು ನಡುಗ್ತಿತ್ತೇನು?"

ತೊಂಬತ್ತು ದಾಟಿ ಬದುಕಿದ ತಾತ ಯುದ್ಧದ ಬಗ್ಗೆ ನನ್ನ ಹತ್ತಿರ ಆಡಿದ್ದು ಅದೊಂದೇ ಮಾತು.

"ಅಲ್ಲಿ ನನ್ನ ಕೈಯಾಗ ಬಂದೂಕ ಇತ್ತವ್ವ."