ಲೇಖಕರ ಫೋಲ್ಡರ್

ಕಂಪ್ಯೂಟರಿನಲ್ಲಿ ‘ಲೇಖಕರು’ ಎಂಬ ಖಾನೆಯಲ್ಲಿದ್ದ ತಂದೆ ಗಂಗಾಧರಯ್ಯನವರ ಹೆಸರನ್ನು ಅಳಿಸಿ, ತನುಶ್ರೀ ತಾಯಿ ಶೈಲಜಮ್ಮನ ಹೆಸರು ಟೈಪ್ ಮಾಡಿದಳು. ಸ್ಕ್ಯಾನ್ ಮಾಡಿದ ಹಳೆಯ ಪತ್ತೇದಾರಿ ಕಾದಂಬರಿಗಳೆಲ್ಲ ಇ-ಪುಸ್ತಕದ ಸಾಫ್ಟ್‌ವೇರ್‌ನಲ್ಲಿದ್ದವು. ಅದು ಒಬ್ಬೊಬ್ಬ ಲೇಖಕರಿಗೂ ಒಂದೊಂದು ಫೋಲ್ಡರ್ ಮಾಡುತ್ತಿತ್ತು.

“ಏನೇ ಇದು? ಕವರ್ ಮೇಲೆ ನನ್ನ ಹೆಸರಿದೆ,” ಎಂದರು ಗಂಗಾಧರಯ್ಯ.

“ಬರ್ದಿದ್ದು ಅಮ್ಮ ಅಲ್ವಾಪ್ಪ?”

“ಹೆಂಗಸ್ರು ಬರ್ದಿದ್ ಪತ್ತೇದಾರಿ ಆಗ ಯಾರ್ ಓದ್ತಿದ್ರು?”

ಪಕ್ಕದಲ್ಲೇ ಕೂತು ಗಾಂಧಿ ಬಜಾರಿನಿಂದ ತಂದ ಅವರೆಕಾಯಿ ಸುಲಿಯುತ್ತಿದ್ದ ಶೈಲಜಮ್ಮ ತಲೆ ಎತ್ತಲಿಲ್ಲ. “ಕೊನೇ ಪುಸ್ತಕದಲ್ಲಿ ಕೊಲೆಗಾರ ಯಾರು, ಹೇಳಿ ನೋಡೋಣ.”

ಗಂಗಾಧರಯ್ಯ ಯೋಚಿಸುತ್ತಲೇ ಇದ್ದರು. ತನುಶ್ರೀ ಎಂಟರ್ ಒತ್ತಿದಳು. ಪುಸ್ತಕಗಳೆಲ್ಲ ತಾಯಿಯ ಹೆಸರಿನ ಹೊಸ ಫೋಲ್ಡರಿಗೆ ಹೋದವು.

“ನನ್ನ ಫೋಲ್ಡರ್ ಎಲ್ಲೇ?”

“ಖಾಲಿ ಆಯ್ತಲ್ಲಪ್ಪ. ಖಾಲಿ ಫೋಲ್ಡರ್‌ನ ಈ ಸಾಫ್ಟ್‌ವೇರ್ ಇಟ್ಕೊಳ್ಳಲ್ಲ.”