ಯಾರ ಕಾಲಿನ ನಡುಕ

ಹೆದ್ದಾರಿಯಲ್ಲಿ ಹೆಂಡತಿ ಕಾರಿನ ಬ್ರೇಕ್ ಒತ್ತಿದಳು. ಸ್ಟೇರಿಂಗ್ ಗಡಗಡ ನಡುಗಿತು, ಗಾಜಿನ ಕೆಳಗಿಟ್ಟಿದ್ದ ಕನ್ನಡಕದ ಡಬ್ಬಿ ಜಾರಿ ಬಿತ್ತು. ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಡಬ್ಬಿಯನ್ನೂ ನೋಡಲಿಲ್ಲ, ಸ್ಟೇರಿಂಗನ್ನೂ ನೋಡಲಿಲ್ಲ. ಹೆಂಡತಿಯ ಬಲಗಾಲನ್ನು ನೋಡಿದರು.

“ಕಾಲು ನಡುಗ್ತಿದೆ ನಿಂಗೆ.”

“ಕಾಲಲ್ಲ ರೀ, ಗಾಡಿ.”

ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು ಇಂಥ ಮಾತನ್ನು ಪರೀಕ್ಷಿಸದೆ ಬಿಡುವುದುಂಟೇ? ಅಲ್ಲೇ ಸೀಟು ಬದಲಾಯಿಸಿದರು. ಅದೇ ಕಾರು, ಅದೇ ರಸ್ತೆ, ಅದೇ ಟೈರು. ಮೇಷ್ಟ್ರು ಬ್ರೇಕ್ ಒತ್ತಿದರೆ ಕಾರು ಹೇಳಿದ ಮಾತು ಕೇಳುವ ಮಗುವಿನ ಹಾಗೆ ನಿಂತಿತು. ಮತ್ತೆ ಆಕೆ ಓಡಿಸಿದಳು; ಮತ್ತೆ ಗಡಗಡ. ಬದಲಾದದ್ದು ಒಂದೇ, ಓಡಿಸುವವರು. ದೋಷ ಎಲ್ಲಿದೆ ಎಂದು ಬೇರೆ ಹೇಳಬೇಕೇ? ಇಷ್ಟು ಅಚ್ಚುಕಟ್ಟಾದ ಪ್ರಯೋಗವನ್ನು ತರಗತಿಯಲ್ಲಿ ಯಾರಾದರೂ ಮಾಡಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು. ಇಲ್ಲಿ ತಮಗೆ ತಾವೇ ಕೊಟ್ಟುಕೊಂಡರು.

ಹೆಂಡತಿ ನರ್ಸು. ಪಕ್ಕದ ಊರಿನ ದೊಡ್ಡ ಆಸ್ಪತ್ರೆಯವರು ಹೆಡ್ ನರ್ಸ್ ಆಗಿ ಬರುತ್ತೀರಾ ಎಂದು ಕೇಳಿದ್ದರು. ಬಹಳ ಕಾಲದಿಂದ ಆಸೆಪಟ್ಟ ಕೆಲಸ. ಪಾಳಿಯ ಹೊತ್ತಿಗೆ ಅಲ್ಲಿಗೆ ಬಸ್ಸಿಲ್ಲ, ಹೆದ್ದಾರಿಯಲ್ಲಿ ತಾನೇ ಕಾರು ಓಡಿಸಿಕೊಂಡು ಹೋಗಬೇಕು. ಅದಕ್ಕೆಂದೇ ತಲೆಗೂದಲು ನರೆಯುವ ವಯಸ್ಸಿನಲ್ಲಿ ಲೈಸೆನ್ಸ್ ಮಾಡಿಸಿದ್ದಳು. ಶನಿವಾರ ಸಂಜೆಯೊಳಗೆ ಉತ್ತರ ಹೇಳಬೇಕಿತ್ತು.

ಮೇಷ್ಟ್ರು ಕೈಕಟ್ಟಿ ಕೂರಲಿಲ್ಲ. ದಿಂಬನ್ನು ಸುರುಳಿ ಸುತ್ತಿ ಗೋಡೆಗೆ ಒರಗಿಸಿ, ಅದನ್ನು ಕಾಲಿನಿಂದ ಒತ್ತಿ ಬಿಡುವ ಅಭ್ಯಾಸ ಮಾಡಿಸಿದರು. ಒತ್ತಡ ಸಮನಾಗಿ ಏರಬೇಕು, ಸಮನಾಗಿ ಇಳಿಯಬೇಕು ಎಂದು ಪಕ್ಕದಲ್ಲಿ ನಿಂತು ಪಾಠ ಹೇಳಿದರು. ದಿನವಿಡೀ ವಾರ್ಡಿನಲ್ಲಿ ನಿಂತು ಬಂದ ಕಾಲು ಅದು. ಆದರೂ ಆಕೆ ಒತ್ತಿದಳು. ದಿಂಬು ನಡುಗಲಿಲ್ಲ; ಕಾರು ನಡುಗುತ್ತಲೇ ಇತ್ತು. ಶುಕ್ರವಾರ ಪಾತ್ರೆ ತೊಳೆಯುತ್ತಾ, ಇದು ತನ್ನಿಂದಾಗದ ಕೆಲಸ, ಬರೋದಿಲ್ಲ ಅಂತ ಆಸ್ಪತ್ರೆಗೆ ಹೇಳಿಬಿಡುತ್ತೇನೆ ಎಂದಳು. ಮೇಷ್ಟ್ರಿಗೆ ಪಾಪ ಎನಿಸಿತು. ತಮ್ಮ ತೀರ್ಮಾನದ ಬಗ್ಗೆ ಮಾತ್ರ ಏನೂ ಅನಿಸಲಿಲ್ಲ.

ಮರುದಿನ ಬೆಳಗ್ಗೆ ಮೇಷ್ಟ್ರ ಅಕ್ಕ ರೈಲಿನಲ್ಲಿ ಬಂದಿಳಿಯುವವರಿದ್ದರು. ಇವರು ಮನೆಯಿಂದ ಹೊರಡುವಾಗಲೇ ತಡವಾಗಿತ್ತು. ಕಾಯಿಸಿದರೆ ಮುಂದಿನ ಭೇಟಿಯವರೆಗೂ ಹಂಗಿಸುವ ಅಕ್ಕ. ಜನ್ಮದಲ್ಲಿ ಗಂಟೆಗೆ ನಲವತ್ತು ದಾಟದ ಮೇಷ್ಟ್ರು ಅಂದು ಹೆದ್ದಾರಿಯಲ್ಲಿ ಎಂಬತ್ತಕ್ಕೆ ಏರಿಸಿದರು. ಮುಂದಿನ ಲಾರಿ ನಿಧಾನಿಸಿತು, ಬ್ರೇಕ್ ಒತ್ತಿದರು, ಸ್ಟೇರಿಂಗ್ ಗಡಗಡ. ಕಾರನ್ನು ರಸ್ತೆಬದಿಗೆ ತಂದು ನಿಲ್ಲಿಸಿ ಮೇಷ್ಟ್ರು ಮೊದಲು ಮಾಡಿದ ಕೆಲಸವೆಂದರೆ ಬಗ್ಗಿ ತಮ್ಮ ಬಲಗಾಲನ್ನು ನೋಡಿದ್ದು. ಪ್ಯಾಂಟು ಮೇಲೆತ್ತಿಯೂ ನೋಡಿದರು. ಕಾಲು ಆರಾಮಾಗಿತ್ತು. ಆಗ ಹೊಳೆಯಿತು: ಬದಲಾದದ್ದು ಒಂದಲ್ಲ, ಎರಡು. ಹೆದ್ದಾರಿಯಲ್ಲಿ ಆಕೆ ಎಲ್ಲರ ಹಾಗೆ ಎಂಬತ್ತರಲ್ಲಿ ಹೋಗುತ್ತಾಳೆ. ತಮ್ಮದು ಸೈಕಲ್ಲಿನವರೂ ಅಯ್ಯೋ ಅನ್ನುವ ವೇಗ. ಆಕೆಯ ವೇಗಕ್ಕಾಗಿ ಬೇರೆಯಾಗಿ ಬೈದದ್ದುಂಟು. ಪ್ರಯೋಗದ ಲೆಕ್ಕಕ್ಕೆ ಮಾತ್ರ ಅದನ್ನು ತೆಗೆದುಕೊಂಡಿರಲಿಲ್ಲ.

ಅಕ್ಕನನ್ನು ಮನೆಗೆ ಬಿಟ್ಟು, ಕಾಲೇಜಿನ ಪ್ರಯೋಗಾಲಯದಿಂದ ಸೂಕ್ಷ್ಮ ಏರುಪೇರು ಅಳೆಯುವ ಡಯಲ್ ಗೇಜ್ ತೆಗೆದುಕೊಂಡು ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ ಮುಂದಿನ ಚಕ್ರ ಬಿಚ್ಚಿದ. ಅದರ ಹಿಂದಿನ ತಟ್ಟೆಯಂಥ ಬ್ರೇಕ್ ಡಿಸ್ಕಿಗೆ ಗೇಜಿನ ಮೊನೆ ತಾಗಿಸಿ ಡಿಸ್ಕನ್ನು ಮೆಲ್ಲಗೆ ತಿರುಗಿಸಿದರೆ ಮುಳ್ಳು ಅತ್ತ ಇತ್ತ ಓಲಾಡಿತು. ಕೂದಲೆಳೆಯಷ್ಟು ಸೊಟ್ಟ, ನಿಧಾನಕ್ಕೆ ಹೋದರೆ ಗೊತ್ತೇ ಆಗದು, ವೇಗದಲ್ಲಿ ಒತ್ತಿದರೆ ಇಡೀ ಕಾರನ್ನು ಅಲ್ಲಾಡಿಸುವಂಥದ್ದು. ಮುಂದಿನ ಎರಡೂ ಡಿಸ್ಕು, ಪ್ಯಾಡು ಬದಲಾದವು. ಹೊಸದು ಕೂರುವ ಜಾಗದ ತುಕ್ಕನ್ನು ಯಾರೂ ಕೇಳದಿದ್ದರೂ ಮೇಷ್ಟ್ರೇ ಕೂತು ಉಜ್ಜಿದರು.

ಮನೆಗೆ ಬಂದಾಗ ಹೆಂಡತಿ ಫೋನ್ ಕೈಗೆತ್ತಿಕೊಂಡಿದ್ದಳು. ಕೊನೇ ಸಲ ಒಂದು ಸುತ್ತು ಎಂದು ಪುಸಲಾಯಿಸಿ ಹೊರಡಿಸಿದರು. ಹೆದ್ದಾರಿ, ಎಂಬತ್ತು, ಬ್ರೇಕ್. ಕಾರು ಚೂರೂ ಅಲುಗದೆ ನಿಂತಿತು. ಆಕೆ ತನ್ನ ಕಾಲನ್ನೇ ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

“ರೀ, ನಿಮ್ಮ ದಿಂಬು ಕೆಲಸ ಮಾಡ್ತು.”

ಇಲ್ಲಿ ಸುಮ್ಮನಿದ್ದರೆ ಮೇಷ್ಟ್ರು ಬದುಕಿಡೀ ಗುರುಗಳಾಗಿಯೇ ಉಳಿಯಬಹುದಿತ್ತು. ಸ್ವಲ್ಪ ದೂರ ಉಳಿದರು ಕೂಡ. ಸುಖವಾಗಿಯೇ ಇತ್ತು. ಆದರೆ ಆಕೆ ತುಟಿ ಕಚ್ಚಿಕೊಂಡು, ಕಾಲು ಯಾವ ಕ್ಷಣ ಮೋಸ ಮಾಡುತ್ತದೋ ಎಂದು ಕಾಯುತ್ತಾ ಓಡಿಸುತ್ತಿದ್ದಳು.

“ಇವತ್ತೇನೋ ಸರಿ. ನಾಳೆ ಮತ್ತೆ ನಡುಗಿದ್ರೆ? ಬೇಡ ಬಿಡಿ, ಬರೋದಿಲ್ಲ ಅಂತಾನೇ ಹೇಳ್ತೀನಿ.”

ಮೇಷ್ಟ್ರು ಕಾರು ನಿಲ್ಲಿಸಲು ಹೇಳಿದರು. ಡಿಕ್ಕಿ ತೆರೆದು ಹಳೆಯ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ತಂದರು.

“ನಡುಗಿದ್ದು ಇದು ಕಣೇ. ನಿನ್ನ ಕಾಲಲ್ಲ.”

ನಲವತ್ತು ಎಂಬತ್ತರ ವಿಷಯವನ್ನೂ, ಪ್ಯಾಂಟು ಎತ್ತಿ ನೋಡಿಕೊಂಡದ್ದನ್ನೂ ಬಿಡದೆ ಹೇಳಿದರು. ಆಕೆ ಡಿಸ್ಕನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಣ್ಣಿಗೆ ಅದು ನೆಟ್ಟಗೇ ಕಾಣುತ್ತಿತ್ತು. ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿ, ಸೋಮವಾರದಿಂದಲೇ ಬರುತ್ತೇನೆ ಎಂದಳು, ಪಾಳಿಯ ಹೊತ್ತು ಕೇಳಿಕೊಂಡಳು, ಫೋನ್ ಇಟ್ಟಳು. ಡಿಸ್ಕನ್ನು ಗಂಡನ ಕೈಗೆ ಕೊಟ್ಟು ಸೀಟ್ ಬೆಲ್ಟ್ ಹಾಕಿಕೊಂಡಳು. ಅದೇ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

“ಬೈದುಬಿಡು ಒಂದ್ಸಲ, ಮುಗಿದುಹೋಗ್ಲಿ.”

“ಬೈಯೋಕೇನಿದೆ,” ಎಂದು ಆಕೆ ಕಾರು ಸ್ಟಾರ್ಟ್ ಮಾಡಿದಳು. “ನಮ್ಮ ವಾರ್ಡಲ್ಲಿ ರೋಗಿ ಹೊಟ್ಟೆನೋವು ಅಂದ್ರೆ, ಡಾಕ್ಟ್ರು ತಮ್ಮ ಹೊಟ್ಟೆ ಒತ್ತಿ ನೋಡ್ಕೊಂಡು, ನಂಗೇನೂ ನೋವಿಲ್ವಲ್ಲ ಅನ್ನೋದಿಲ್ಲ. ಅಷ್ಟೆ.”